ಎಡಗಡೆ ಸರ್ಕಲ್: ಒಂದು ಕುದುರೆ, ಮೂರು ಜನ ಮೇಷ್ಟ್ರು

ಮೊದ್ಲೇ ಹೇಳ್ಬಿಡ್ತೀನಿ, ನಾನು ಕುದುರೆ ಸವಾರ ಅಲ್ಲ. ಅಡಿಕೆ ಬೆಳೆಗಾರ. ತೀರ್ಥಹಳ್ಳಿಯಿಂದ ಎಂಟು ಕಿಲೋಮೀಟರ್ ಒಳಗೆ ತೋಟ, ಜೊತೆಗೆ ಒಂದು ಸಣ್ಣ ಹೋಮ್‌ಸ್ಟೇ. ಬಂದ ಗೆಸ್ಟುಗಳನ್ನ ಕೂರಿಸ್ಕೊಂಡು ಗದ್ದೆ ಬದೀಲಿ ಒಂದು ರೌಂಡ್ ಹೊಡ್ಸೋಕೆ ಅಂತ ಎರಡು ಕುದುರೆ ಸಾಕಿದ್ದೆ, ಅಷ್ಟೇ. ಅದು ಹೋಗ್ತಾ ಹೋಗ್ತಾ ರೈಡಿಂಗ್ ಕ್ಲಾಸ್ ಆಗಿ, ಆಮೇಲೆ ಡ್ರೆಸ್ಸಾಜ್ ಅನ್ನೋ ಶಬ್ದ ನಮ್ಮನೆ ಜಗಲಿಗೆ ಬಂದು, ಕಡೆಗೆ ನಮ್ಮಕ್ಕನ ಮಗಳು ಪುಟ್ಟಿ ಕೈಗೆ ಪ್ಲಾಸ್ಟರ್ ಹಾಕ್ಸೋವರೆಗೆ ಹೋಯ್ತು. ಆ ಪ್ಲಾಸ್ಟರ್ ಹಾಕಿಸಿದಾಗಿಂದ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರ್ಕೊಂಡಿದ್ದನ್ನೇ ಇಲ್ಲಿ ಒಟ್ಟು ಮಾಡಿ ಹಾಕ್ತಿದೀನಿ. ಯಾಕಂದ್ರೆ ಮಗುಗೆ ರೈಡಿಂಗ್ ಕಲಿಸ್ಬೇಕು, ಯಾವ ಇನ್‌ಸ್ಟ್ರಕ್ಟರ್ ಒಳ್ಳೇರು ಅಂತ ಆಗಾಗ ಯಾರಾದ್ರೂ ಫೋನ್ ಮಾಡ್ತಾನೇ ಇರ್ತಾರೆ, ಎಲ್ರಿಗೂ ಕೂತ್ಕೊಂಡು ಇಡೀ ಕಥೆ ಹೇಳೋಕೆ ಆಗಲ್ಲ.

ಡ್ರೆಸ್ಸಾಜ್‌ಗೂ ಡ್ರೆಸ್‌ಗೂ ಸಂಬಂಧ ಇಲ್ಲ. ಅಕ್ಕ ಮೊದಲ ದಿನ ಕೇಳಿದ್ದು ಯೂನಿಫಾರ್ಮ್ ಎಷ್ಟಾಗುತ್ತೆ ಅಂತ. ಅದು ಫ್ರೆಂಚ್ ಶಬ್ದ, ಪಳಗಿಸೋದು ಅಂತ ಅರ್ಥ, ಕುದುರೆ ಸವಾರೀಲಿ ಒಂದು ಥರದ ಸ್ಪರ್ಧೆ. 20 ಮೀಟರ್ ಅಗಲ 60 ಮೀಟರ್ ಉದ್ದದ ಅಂಗಳ, ಕಲಿಯೋರಿಗೆ 20 ಇಂಟು 40 ಸಾಕು, ಅಂಚಲ್ಲಿ ಇಂಗ್ಲಿಷ್ ಅಕ್ಷರದ ಬೋರ್ಡುಗಳು, ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಯಾವ ನಡಿಗೇಲಿ ಹೋಗ್ಬೇಕು ಅಂತ ಮೊದ್ಲೇ ಬರ್ದಿರುತ್ತೆ, ಜಡ್ಜು ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಮಾರ್ಕ್ಸ್ ಹಾಕ್ತಾರೆ. ಮೇಲೆ ಕೂತೋರು ಏನೂ ಮಾಡ್ತಾನೇ ಇಲ್ಲ, ಕುದುರೆನೇ ಮನಸಿಟ್ಟು ಮಾಡ್ತಿದೆ ಅನ್ನಿಸ್ಬೇಕು, ಅದೇ ಅದರ ಗಮ್ಮತ್ತು. 2023ರ ಸೆಪ್ಟೆಂಬರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರವಾಲಾ ಈ ನಾಲ್ಕು ಜನ 209.205 ಪಾಯಿಂಟ್ ತಗೊಂಡು ಟೀಮ್ ಚಿನ್ನ ತಂದ್ರಲ್ಲ, ಕುದುರೆ ಸವಾರೀಲಿ 41 ವರ್ಷ ಆದ್ಮೇಲೆ ಭಾರತಕ್ಕೆ ಬಂದ ಚಿನ್ನ, ಅದನ್ನ ಫೋನಲ್ಲಿ ನೋಡಿದ್ದೇ ನೋಡಿದ್ದು ಪುಟ್ಟಿಗೆ ಹುಚ್ಚು ಹಿಡೀತು. ಆಗ ಅವ್ಳು ಎಂಟನೇ ಕ್ಲಾಸು. ಅಂಗಳದ ಅಕ್ಷರ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಬರುತ್ತೆ, ತಲೆಬುಡ ಇಲ್ಲ, ಇವ್ಳು ಅದಕ್ಕೊಂದು ಸಾಲು ಕಟ್ಟಿಬಿಟ್ಟಳು: ಅಜ್ಜಿ ಕೊಟ್ಟಿಗೇಲಿ ಎಮ್ಮೆ, ಹಸು, ಚಿಗರೆ, ಮೇಕೆ, ಬೆಕ್ಕು ಫುಲ್ಲು. ಈಗ ನಮ್ಮಲ್ಲಿಗೆ ಬರೋ ಮಕ್ಳೆಲ್ಲ ಹಿಂಗೇ ಕಲಿಯೋದು.

ಗೌರಿ

ಇದ್ದ ಎರಡು ಕುದುರೆಲಿ ಒಂದು ಬಸವ, ವಯಸ್ಸಾದ ಗಂಡು, ಎತ್ತಿನ ಥರಾನೇ ನಡೀತಿತ್ತು ಅದಕ್ಕೇ ಆ ಹೆಸ್ರು. ಡ್ರೆಸ್ಸಾಜ್ ಮಾಡ್ಬೇಕು ಅಂದ್ರೆ ಒಳ್ಳೆ ಕುದುರೆ ಬೇಕು ಅಂತ ಪುಟ್ಟಿ ರಚ್ಚೆ ಹಿಡಿದ್ಲು, ನಾನೂ ಆ ವರ್ಷ ಅಡಿಕೆ ರೇಟ್ ನೋಡಿ ಸ್ವಲ್ಪ ಹುಮ್ಮಸ್ಸಲ್ಲಿದ್ದೆ, ರೇಸಿಂದ ರಿಟೈರ್ಡ್ ಆದ ಥರೋಬ್ರೆಡ್ ಅನ್ನೋ ರೇಸ್ ತಳಿಯ ಒಂದು ಹೆಣ್ಣು ಕುದುರೆ ತಂದ್ವಿ. ರೇಸ್ ಕುದುರೆ ಓಟ ಮುಗಿದ್ಮೇಲೆ ಸಾಕೋ ಖರ್ಚು ತಡೀಲಾರ್ದೆ ಬಿಟ್ಟುಕೊಡೋರೇ ಜಾಸ್ತಿ, ಹಂಗಾಗಿ ತರೋದು ಸುಲಭ. ತಂದ್ಮೇಲೆ ಇರೋದು ಕಷ್ಟ. ಹೆಸ್ರು ಗೌರಿ ಅಂತ ಇಟ್ವಿ.

ಗೌರಿ ನೋಡೋಕೆ ಬೆಣ್ಣೆ ಮೆತ್ತಿದ ಹಂಗಿದ್ಲು. ಬಲಗಡೆ ಸರ್ಕಲ್ ಹಾಕ್ಸಿದ್ರೆ ಚೆಂದ. ಎಡಗಡೆ ತಿರುಗಿಸಿದ್ರೆ ಮಾತ್ರ ಕುತ್ತಿಗೆ ಒಂದೇ ಎಡಕ್ಕೆ ಬರೋದು, ಬಲಭುಜ ಹೊರಕ್ಕೆ ಜಾರೋದು, ಮೈಯೆಲ್ಲ ಬಲಕ್ಕೆ ಸರೀತಾ ಸರೀತಾ ಸ್ಪೀಡ್ ಏರೋದು. 20 ಮೀಟರಿನ ರೌಂಡ್ ಸರ್ಕಲ್ ಅಂತ ಶುರು ಮಾಡಿದ್ದು ಮೊಟ್ಟೆ ಆಕಾರ ಆಗಿ ಆಮೇಲೆ ಯಾವ ಆಕಾರನೂ ಅಲ್ಲ. ಲಗಾಮು ಜಗ್ಗಿದಷ್ಟೂ ಜೋರು. ಇದೇ ಪ್ರಕರಣ, ಇಷ್ಟೇ. ಇದಕ್ಕೆ ಮೂರು ಜನ ಮೂರು ಮದ್ದು ಹೇಳಿದ್ರು, ಮೂರೂ ಅರ್ಧರ್ಧ ಸರಿ ಇತ್ತು, ಅಲ್ಲೇ ಎಡವಟ್ಟಾಗಿದ್ದು.

ಮೂರು ಜನ

ದಫೇದಾರ್ರು 2024ರ ಜನವರೀಲಿ ಬಂದ್ರು. ಪೊಲೀಸ್ ಅಶ್ವದಳದಲ್ಲಿ ಸರ್ವಿಸ್ ಮುಗಿಸಿ ರಿಟೈರ್ಡ್ ಆದೋರು, ಮೈಸೂರು ಕಡೆ ಮಾತು, ಬೆನ್ನು ಇವತ್ತಿಗೂ ಅಡಿಕೆ ಮರದ ಹಂಗೆ ನೆಟ್ಟಗೆ. ನಡಿಗೆಗೆ ಕದಂ, ಟ್ರಾಟ್‌ಗೆ (ಅಂದ್ರೆ ಕುಕ್ಕೋಟಕ್ಕೆ) ದುಲ್ಕಿ, ಎಲ್ಲ ಹಳೇ ಪಲ್ಟನ್ ಭಾಷೆ. ಅವ್ರ ಪಾಠ ಅಂದ್ರೆ ಪಾಠ ಅಲ್ಲ ಕವಾಯತು. ರಿಕಾಬಿಂದ (ಜೀನಿಗೆ ನೇತು ಹಾಕಿರೋ, ಕಾಲಿಡೋ ಬಳೆ) ಕಾಲು ತೆಗೆಸಿ ಸುತ್ತು ಹೊಡೆಸೋರು, ಮೊಣಕಾಲಿಗೂ ಜೀನಿಗೂ ಮಧ್ಯ ಅಡಿಕೆ ಹಾಳೆ ತುಂಡು ಸಿಕ್ಸೋರು, ಅದು ಬಿದ್ರೆ ಇನ್ನೊಂದು ಹತ್ತು ಸುತ್ತು. "ಕುದ್ರೆ ಬೆದರ್‌ಬಾರ್ದು ಮಗ, ನೀನೂ ಬೀಳ್‌ಬಾರ್ದು, ಮಿಕ್ಕಿದ್ದೆಲ್ಲ ಆಮೇಕೆ." ಪುಟ್ಟಿ ಅವ್ರನ್ನ ಅಜ್ಜ ಅಂತಿದ್ಲು, ತೊಡೆ ಉರಿ ಅಂತ ರಾತ್ರಿ ಅಳ್ತಿದ್ಲು, ಬೆಳಿಗ್ಗೆ ಮತ್ತೆ ಅವ್ರ ಮುಂದೆ ಹಾಜರಿ.

ಮೇಡಂ ಬಂದಿದ್ದು ಆ ಏಪ್ರಿಲ್ ರಜೇಲಿ. ಬೆಂಗಳೂರಿನೋರು, ಇನ್ನೂ ಮೂವತ್ತಾಗಿಲ್ಲ, ಜರ್ಮನೀಲಿ ಎರಡು ವರ್ಷ ಒಂದು ಲಾಯದಲ್ಲಿ ದುಡ್ಕೊಂಡು ಕಲ್ತು ಬಂದೋರು. ತಿಂಗಳಿಗೊಂದ್ಸಲ ಮೂರ್ನಾಲ್ಕು ದಿನ ಇದ್ದು ಹೋಗೋ ಮಾತಾಯ್ತು. ಅವ್ರ ಹತ್ರ ಎಲ್ಲದಕ್ಕೂ ಕಾರಣ ಇತ್ತು. ಜರ್ಮನ್ನರ ಟ್ರೇನಿಂಗ್ ಸ್ಕೇಲ್ ಅಂತ ಒಂದಿದೆ, ಆರು ಮೆಟ್ಟಿಲು. ಮೊದಲು ಟಾಕ್ಟ್ ಅಂದ್ರೆ ತಾಳ, ಆಮೇಲೆ ಮೈ ಮನಸು ಸಡಿಲ ಆಗೋದು, ಆಮೇಲೆ ಬಾಯಿಗೂ ಕೈಗೂ ಹದವಾದ ಸಂಪರ್ಕ, ಆಮೇಲೆ ಹಿಂಗಾಲಿನ ಚಿಮ್ಮು, ಐದನೇದು ನೇರ ಆಗೋದು, ಕೊನೇದು ಮೈ ಕೂಡಿಸ್ಕೊಂಡು ಹಿಂಗಾಲ ಮೇಲೆ ಭಾರ ಹೊರೋದು. ಗೌರಿ ಎಡಗಡೆ ಜಾರೋದು ಐದನೇ ಮೆಟ್ಟಿಲಿನ ರೋಗ ಥರ ಕಾಣುತ್ತೆ ಸರ್, ಆದ್ರೆ ಇವ್ಳಿಗೆ ಒಂದನೇ ಮೆಟ್ಟಿಲೇ ಇಲ್ಲ, ಅನ್ನೋರು. ಫೋನಲ್ಲಿ ಮೆಟ್ರೊನೋಮ್ ಅಂತ ಟಿಕ್ ಟಿಕ್ ತಾಳ ಹಾಕೋದನ್ನ ಹಾಕಿ ಟ್ರಾಟಿನ ತಾಳ ಎಣಿಸೋರು, ಬಲಕ್ಕೆ ನಿಮಿಷಕ್ಕೆ 150ರ ಆಸುಪಾಸು, ಎಡಕ್ಕೆ ಬಂದ್ರೆ 170 ದಾಟೋದು. ಪುಟ್ಟಿ ಸಂಗೀತ ಕ್ಲಾಸಿಗೆ ಹೋಗ್ತಿದ್ಲಲ್ಲ, ಅವ್ಳಿಗೆ ಇದು ಚೆನ್ನಾಗಿ ಹತ್ತಿತು: ನಡಿಗೆ ನಾಲ್ಕು ಪೆಟ್ಟು ತಕಧಿಮಿ, ಟ್ರಾಟು ಎರಡು ಪೆಟ್ಟು ತಕ ತಕ, ಅದಕ್ಕಿಂತ ಜೋರಿನ ಓಟ ಕ್ಯಾಂಟರ್ ಮೂರು ಪೆಟ್ಟು ತಕಿಟ ತಕಿಟ. ಮೇಡಂ ಅದನ್ನ ಕೇಳಿ ತಮ್ಮ ಬೇರೆ ಸ್ಟೂಡೆಂಟ್ಸಿಗೂ ಹಂಗೇ ಹೇಳ್ಕೊಡೋಕೆ ಶುರು ಮಾಡಿದ್ರು.

ಮೂರನೇ ಮನುಷ್ಯನ್ನ ನಾವ್ಯಾರೂ ಮೇಷ್ಟ್ರು ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಅದು ನನ್ನ ದೊಡ್ಡ ತಪ್ಪು. ಭಾಯ್, ಲಾಯ ನೋಡ್ಕೊಳ್ಳೋಕೆ ಅಂತ ಇದ್ದೋನು, ಶಿವಮೊಗ್ಗದೋನೇ. ಹದಿನೈದು ವರ್ಷ ರೇಸ್ ಕುದುರೆಗಳನ್ನ ಬೆಳಗಿನ ಜಾವ ಟ್ರ್ಯಾಕಲ್ಲಿ ಓಡಿಸೋ ರೈಡಿಂಗ್ ಬಾಯ್ ಆಗಿದ್ದ, ಸೊಂಟ ನೋವು ಬಂತು ಅಂತ ಬಿಟ್ಟು ಬಂದ. ಗೊರಸು ಕ್ಲೀನ್ ಮಾಡೋದು, ಹುರುಳಿ ಬೇಯಿಸೋದು, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳ ಕೀಳೋದು, ಇವನ ಕೆಲಸ. ಪಾಠ ನಡೀವಾಗ ಹಗ್ಗದಾಚೆ ನಿಂತು ಒಂದೇ ಮಾತು ಹೇಳೋನು, "ಛೋಡೋ ಬೇಟಾ, ಬಾಯಿ ಬಿಡು ಅದ್ರುದು," ಅಂದ್ರೆ ಲಗಾಮು ಸಡಿಲ ಬಿಡು ಅಂತ.

ಬಿದ್ದ ದಿನ

ಜುಲೈ ಕೊನೆ ವಾರ. ಆ ವರ್ಷದ ಮಳೆ ನಿಮಗೆಲ್ಲ ನೆನಪಿರುತ್ತೆ. ಒಂದು ದಿನ ಹೊಳವಾಯ್ತು, ಅಂಗಳದ ಮಣ್ಣು ಇನ್ನೂ ಕೆಸರು ಕೆಸರು, ಜಾರ್‌ದೇ ಇರ್ಲಿ ಅಂತ ನಾನೇ ಅಡಿಕೆ ಸಿಪ್ಪೆ ಹರಡ್ಸಿದ್ದೆ (ದಯವಿಟ್ಟು ಯಾರೂ ಮಾಡ್ಬೇಡಿ, ಒಣಗಿದ್ದಾಗ ಸ್ಪಂಜಿನ ಹಂಗಿರುತ್ತೆ, ನೆಂದು ಕೊಳೆತ್ರೆ ಸೋಪು). ಮೇಡಂ ಬಂದಿದ್ರು, ದಫೇದಾರ್ರು ಇದ್ರು, ಭಾಯ್ ಹಗ್ಗದಾಚೆ. ಮೂರು ವಾರ ಮಳೇಲಿ ನಿಂತು ನಿಂತು ಗೌರಿ ಮೈಯೆಲ್ಲ ತೀಟೆ ತುಂಬ್ಕೊಂಡಿದ್ಲು.

ಸಿ ಅಕ್ಷರದ ಹತ್ರ ಎಡಗಡೆ ಸರ್ಕಲ್. ಮಾಮೂಲಿನಂಗೆ ಬಲಕ್ಕೆ ಜಾರೋಕೆ ಶುರು, ಸ್ಪೀಡ್ ಏರ್ತು. ದಫೇದಾರ್ರು ಕೂಗಿದ್ರು, ಎರಡೂ ಲಗಾಮು ಎಳ್ದಿಡ್ಕೊಂಡು ಹಿಂದಕ್ಕೆ ಕೂತ್ಕೊ. ಅದೇ ಉಸಿರಲ್ಲಿ ಮೇಡಂ, ಹೊರಗಡೆ ಲಗಾಮು, ಒಳಗಡೆ ಕಾಲು, ಒಳಗಡೆ ಕಾಲು! ಭಾಯ್, ಛೋಡೋ ಛೋಡೋ. ಹುಡುಗಿ ಮೂರೂ ಮಾಡಿದ್ಲು. ಎಳೆದ್ಲು, ಕಾಲು ಒತ್ತಿದ್ಲು, ಆಮೇಲೆ ಲಗಾಮು ಪೂರ್ತಿ ಬಿಟ್ಟೇ ಬಿಟ್ಲು. ಗೌರಿ ನೇರ ಹಗ್ಗ ಹರ್ಕೊಂಡು ಎಂ ಮೂಲೆಯಿಂದ ಆಚೆ ಹೋದ್ಲು, ಪುಟ್ಟಿ ಸಿಪ್ಪೆ ರಾಶಿ ಮೇಲೆ, ಕುದುರೆ ಸೀದಾ ಲಾಯದ ಪಕ್ಕ ಹುರುಳಿ ಬೇಯ್ತಿದ್ದ ಒಲೆ ಹತ್ರ ಹೋಗಿ ನಿಂತ್ಕೊಂಡು ಏನೂ ಆಗೇ ಇಲ್ಲ ಅನ್ನೋ ಹಂಗೆ ಬಾಲ ಬೀಸ್ತಿದ್ಲು.

ಮಣಿಕಟ್ಟಲ್ಲಿ ಸಣ್ಣ ಬಿರುಕು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಪ್ಲಾಸ್ಟರ್ ಹಾಕಿಸ್ಕೊಂಡು ಬಂದ್ವಿ. ಅಕ್ಕ ಅವತ್ತು ರಾತ್ರಿ ನನ್ನ ಹತ್ರ ಮಾತೇ ಆಡ್ಲಿಲ್ಲ, ಮಾರನೇ ದಿನ ಕಡುಬು ಬಡಿಸ್ತಾ ಹೇಳಿದ್ದು ಇಷ್ಟೇ: "ಮೂರು ಜನ ದೊಡ್ಡೋರು ನಿಂತ್ಕೊಂಡು ಒಂದು ಮಗುಗೆ ಕೂಗಿದ್ರಲ್ಲ, ನಿಂಗೆ ಎಂತ ಅನ್ನಿಸ್ಲೇ ಇಲ್ವಾ? ಕುದುರೆ ಬೇಕಾದ್ರೆ ಇಟ್ಕೊ. ಮೇಷ್ಟ್ರು ಮಾತ್ರ ಒಬ್ರೇ ಇರ್ಬೇಕು."

ಒಬ್ರು ಅಂದ್ರೆ ಯಾರು? ಬಯೋಡೇಟಾ ನೋಡಿದ್ರೆ ಮೇಡಂ. ಅನುಭವ ಅಂದ್ರೆ ದಫೇದಾರ್ರು. ಭಾಯ್ ಹತ್ರ ಬಯೋಡೇಟಾನೇ ಇಲ್ಲ.

ವಿಚಾರಣೆ

ನಾನು ಮಾಡಿದ್ದು ಇಷ್ಟು. ಮೂರು ಜನರನ್ನೂ ಬೇರೆ ಬೇರೆ ಕೂರಿಸ್ಕೊಂಡು ಕುದುರೆ ಹೆಂಗೆ ಸರಿ ಮಾಡ್ಬೇಕು ಅಂತ ಕೇಳ್ಲೇ ಇಲ್ಲ. ನಿಮ್ಗೆ ಮೊದಲು ಕಲಿಸಿದ್ದು ಯಾರು, ಎಂತ ಕೆಲಸಕ್ಕೆ ಕಲಿಸಿದ್ರು ಅಂತ ಕೇಳ್ದೆ. ಇದೊಂದು ಪ್ರಶ್ನೆಗೆ ಎಲ್ಲ ಬಿಚ್ಕೊಂಡು ಬಂತು.

ದಫೇದಾರ್ರು ಹೇಳಿದ್ದು ಕುಶಾಲತೋಪಿನ ಕಥೆ. ದಸರಾಕ್ಕೆ ಮುಂಚೆ ಆನೆಗಳಿಗೂ ಅಶ್ವದಳದ ಕುದುರೆಗಳಿಗೂ ಫಿರಂಗಿ ಸದ್ದು ಅಭ್ಯಾಸ ಮಾಡಿಸ್ತಾರಲ್ಲ, ಇವ್ರು ಹೊಸದಾಗಿ ಸೇರಿದ್ದ ವರ್ಷ ಆ ತಾಲೀಮಲ್ಲಿ ಪಕ್ಕದೋನ ಕುದುರೆ ಎರಡು ಕಾಲ ಮೇಲೆ ಎದ್ದು ನಿಂತು ಅವನ್ನ ಕೆಡವಿತ್ತಂತೆ, ಇವ್ರದ್ದು ನಡುಗಿದ್ರೂ ಕದಲಿಲ್ಲ, ಯಾಕಂದ್ರೆ ಕೈ ಬಿಟ್ಟಿರ್ಲಿಲ್ಲ. "ಜನ ಹಿಂಗೆ ಕಿಕ್ಕಿರಿದು ನಿಂತವ್ರೆ ಸಾಮಿ, ಎಳೇ ಮಕ್ಳನ್ನ ಹೆಗಲ ಮೇಲೆ ಕೂರಿಸ್ಕೊಂಡವ್ರೆ, ನಾನು ಲಗಾಮು ಸಡಿಲ ಬಿಟ್ರೆ ಯಾರ್ ಮ್ಯಾಲೆ ಹೋಯ್ತದೆ?" ಅವ್ರ ತತ್ವ ಅಂತ ನಾವೇನು ಅಂತೀವಿ ಅದು ಪುಸ್ತಕದ್ದಲ್ಲ, ದಸರಾ ಜನಜಂಗುಳಿದು. ಅಲ್ಲಿ ಅದು ನೂರಕ್ಕೆ ನೂರು ಸರಿ.

ಮೇಡಂ ಹೇಳಿದ್ದು ಬೇರೆ. ಜರ್ಮನೀಲಿ ಮೊದಲ ಆರು ತಿಂಗಳು ಲದ್ದಿ ಎತ್ತಿದ್ದೇ ಜಾಸ್ತಿ, ವಾರಕ್ಕೊಂದೇ ಪಾಠ, ಅದೂ ಉದ್ದ ಹಗ್ಗದಲ್ಲಿ ಕುದುರೆ ಸುತ್ತಾ ಬರೋದು, ಇವ್ರಿಗೆ ಲಗಾಮೂ ಇಲ್ಲ ರಿಕಾಬೂ ಇಲ್ಲ. ಕೊಟ್ಟಿದ್ದು ಒಂದು ಮುದಿ ಕುದುರೆ, ಎಲ್ಲ ಕಲ್ತಿದ್ದು, ಕೂತಿರೋದು ಸರಿ ಇಲ್ಲ ಅಂದ್ರೆ ನಿಂತಲ್ಲಿಂದ ಕದಲ್ತಾನೇ ಇರ್ಲಿಲ್ಲ. ಮೇಷ್ಟ್ರು ಬಾಯಿ ಬಿಡ್ತಿರ್ಲಿಲ್ಲ, ಕುದುರೆನೇ ಮೇಷ್ಟ್ರು. ಹಂಗಾಗಿ ಮೇಡಂ ತಲೇಲಿ ಏನು ಕೂತಿದೆ ಅಂದ್ರೆ ಸರಿಯಾಗಿ ಕೇಳಿದ್ರೆ ಕುದುರೆ ಉತ್ತರ ಕೊಟ್ಟೇ ಕೊಡುತ್ತೆ ಅಂತ. ಕಲ್ತಿರೋ ಕುದುರೆ ಕೊಡುತ್ತೆ. ಗೌರಿಗೆ ಆ ಪ್ರಶ್ನೆನೇ ಅರ್ಥ ಆಗಲ್ಲ. ಒಳಗಡೆ ಕಾಲು ಒತ್ತಿದ್ರೆ ಪಕ್ಕಕ್ಕೆ ಬಾಗ್ಬೇಕು ಅಂತ ಯಾರು ಹೇಳ್ಕೊಟ್ಟಿದ್ರು ಅವ್ಳಿಗೆ? ಅವ್ಳ ಲೆಕ್ಕದಲ್ಲಿ ಕಾಲು ಅಂದ್ರೆ ಓಡು.

ತಮಾಷೆ ಏನಂದ್ರೆ ರಿಕಾಬ್ ಬಿಡಿಸಿ ಕೂರಿಸೋ ವಿಷಯದಲ್ಲಿ ಇವ್ರಿಬ್ರೂ ಒಂದೇ, ಅದು ಇಬ್ರಿಗೂ ಗೊತ್ತಿರ್ಲಿಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಲ್ಲಿ ಇವತ್ತಿಗೂ ಹೊಸಬರನ್ನ ತಿಂಗಳಾನುಗಟ್ಟಲೆ ಹಂಗೇ ಉದ್ದ ಹಗ್ಗದಲ್ಲಿ ಸುತ್ತಿಸ್ತಾರೆ ಅಂತ ಮೇಡಂ ಹೇಳಿದಾಗ ದಫೇದಾರ್ರು ಮೀಸೆ ತಿರುವಿದ್ರು. ಡ್ರೆಸ್ಸಾಜಿನ ಮೂಲನೇ ಸೇನೆ ಕಡೆಯಿಂದ ಬಂದಿದ್ದು, ಒಲಿಂಪಿಕ್ಸಿಗೆ 1912ರಲ್ಲಿ ಸೇರಿದಾಗಿಂದ 1948ರವರೆಗೂ ಆಫೀಸರ್‌ಗಳಿಗೆ ಮಾತ್ರ. ಆ 1948ರಲ್ಲಿ ಸ್ವೀಡನ್ ಟೀಮಿನ ಚಿನ್ನ ಆಮೇಲೆ ವಾಪಸ್ ಕಿತ್ಕೊಂಡ್ರು, ಯಾಕಂದ್ರೆ ಟೀಮಲ್ಲಿದ್ದ ಗೆನೆಲ್ ಪೆರ್ಸನ್ ನಿಜವಾಗಿ ಸಾರ್ಜೆಂಟು, ಗೇಮ್ಸಿಗೋಸ್ಕರ ಆಫೀಸರ್ ಮಾಡಿ ಕಳಿಸಿದ್ರು. 1952ರ ಹೆಲ್ಸಿಂಕಿಗೆ ರೂಲ್ಸ್ ಬದಲಾಯ್ತು, ಅದೇ ಪೆರ್ಸನ್ ಮತ್ತೆ ಬಂದು ಟೀಮ್ ಚಿನ್ನ ತಗೊಂಡ. ಹೆಂಗಸ್ರಿಗೂ ಅದೇ ವರ್ಷ ಅವಕಾಶ ಆಗಿದ್ದು, ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲ ಕೆಳಗೆ ಸ್ವಾಧೀನ ಇಲ್ದಿದ್ರೂ ಬೆಳ್ಳಿ ತಗೊಂಡ್ರು. ಮೇಡಂಗೆ ಹಾರ್ಟೆಲ್ ಕಥೆ ಇಷ್ಟ. ನಮ್ಮ ದಫೇದಾರ್ರಿಗೆ ಮಾತ್ರ ಪೆರ್ಸನ್ ಕಥೆ, ಮೂರು ಸಲ ಹೇಳಿಸ್ಕೊಂಡ್ರು, ಸಾರ್ಜೆಂಟ್ ಅಂದ್ರೆ ನಮ್ ಲೆಕ್ಕದಲ್ಲಿ ದಫೇದಾರ್ ತಾನೆ ಅಂತ.

ಭಾಯ್ ಬಾಯಿ ಬಿಡಿಸೋಕೆ ಎರಡು ಟೀ ಆಯ್ತು. ಅವನು ಹೇಳಿದ್ದನ್ನ ನಾನು ಅಕ್ಷರಶಃ ಬರ್ಕೊಂಡಿದೀನಿ. "ಅಣ್ಣ, ರೇಸ್ ಕುದ್ರೆಗೆ ಲಗಾಮ್ ಎಳೆಯೋದು ಅಂದ್ರೆ ನಿಲ್ಲು ಅಂತ ಅಲ್ಲ. ಜಾಕಿ ಲಗಾಮ್ ಗಟ್ಟಿ ಹಿಡಿದ್ರೆ ಅದು ಬಾಯಲ್ಲಿ ಕಡಿವಾಣದ ಮೇಲೆ ಒರಗತ್ತೆ, ಒರಗಿ ಓಡತ್ತೆ. ಸಡಿಲ ಬಿಟ್ರೆ ಕೆಲ್ಸ ಮುಗೀತು ಅಂತ ಅರ್ಥ. ಅಜ್ಜ ಎಳಿ ಅಂತಾರೆ, ಅದು ಓಡು ಅಂದ್ಕೊಳತ್ತೆ. ಅದ್ರುದ್ ಏನ್ ತಪ್ಪು?" ಆಮೇಲೆ ಇನ್ನೊಂದು ಹೇಳ್ದ: ಇವ್ಳು ಓಡಿದ ಟ್ರ್ಯಾಕಲ್ಲಿ ತಿರುವೆಲ್ಲ ಬಲಕ್ಕೆ, ವರ್ಷಗಟ್ಟಲೆ ಬಲಕ್ಕೇ ಬಾಗಿ ಓಡಿರೋ ಮೈ, ಎಡಕ್ಕೆ ತಿರುಗಿಸಿದ್ರೆ ಎಡಗೈ ಬರಹದ ಹಂಗೆ ಅದಕ್ಕೆ. ಹತ್ತೋವಾಗ ನಿಲ್ಲಲ್ಲ ಅಂತ ದಫೇದಾರ್ರು ಬೈತಿದ್ರಲ್ಲ, ರೇಸ್ ಕುದುರೆಗೆ ನಡೀತಾ ಇರೋವಾಗ್ಲೇ ಒಬ್ರು ಕಾಲು ಹಿಡಿದು ಎತ್ತಿ ಸವಾರನ್ನ ಕೂರಿಸ್ತಾರೆ, ನಿಂತ್ಕೊ ಅಂತ ಅದಕ್ಕೆ ಯಾರೂ ಕಲಿಸೇ ಇಲ್ಲ.

ಆರು ತಿಂಗಳಿಂದ ಗೊತ್ತಿತ್ತು ಇವನಿಗೆ. ಯಾಕೆ ಹೇಳ್ಲಿಲ್ಲ ಮಾರಾಯ ಅಂದ್ರೆ, ಕೇಳಿದ್ರೆ ಹೇಳ್ತಿದ್ದೆ ಅಂದ.

ಅವನ ಮಾತಲ್ಲೂ ಪೂರ್ತಿ ಇಲ್ಲ. ಬಾಯಿ ಬಿಡು ಅಂದ್ರೆ ಗೌರಿ ನಿಧಾನ ಆಗ್ತಾಳೆ ನಿಜ, ಆದ್ರೆ ಸ್ಟೀರಿಂಗ್ ಇರಲ್ಲ, ಮನಸ್ಸಿಗೆ ಬಂದಲ್ಲಿಗೆ ಹೋಗ್ತಾಳೆ. ಟ್ರ್ಯಾಕಲ್ಲಿ ಸ್ಟೀರಿಂಗ್ ಅಷ್ಟು ಬೇಕಾಗಲ್ಲ, ಎರಡು ಕಡೆ ಬೇಲಿ ಇರುತ್ತೆ. ಅವನ ತತ್ವದ ಒಳಗೆ ಆ ಬೇಲಿ ಇತ್ತು, ನಮ್ಮ ಅಂಗಳದಲ್ಲಿ ಇದ್ದಿದ್ದು ಬರೀ ಒಂದು ಹಗ್ಗ.

ಆಮೇಲೆ ಮಾಡಿದ್ದು

ಅಕ್ಕನ ಷರತ್ತನ್ನ ಸ್ವಲ್ಪ ತಿದ್ದಿದೆ. ಮೇಷ್ಟ್ರು ಒಬ್ರೇ ಅಲ್ಲ, ಅಂಗಳದಲ್ಲಿ ಬಾಯಿ ಒಂದೇ. ಯಾರು ಪಾಠ ಮಾಡ್ತಾರೋ ಅವ್ರು ಮಾತ್ರ ಮಾತಾಡ್ಬೇಕು, ಮಿಕ್ಕೋರು ಕಟ್ಟೆ ಮೇಲೆ. ದಫೇದಾರ್ರಿಗೆ ಇದು ಬಹಳ ಕಷ್ಟ ಆಯ್ತು, ಕಡೆಗೆ ಅವ್ರೇ ಒಂದು ಉಪಾಯ ಕಂಡ್ಕೊಂಡ್ರು, ಮೇಡಂ ಕ್ಲಾಸ್ ಶುರು ಆಗೋ ಟೈಮಿಗೆ ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡು ಕೂರೋದು. ಉಗುಳೋಕೆ ಎದ್ದು ಹೋಗೋ ಅಷ್ಟರಲ್ಲಿ ಹೇಳ್ಬೇಕಂದಿದ್ದು ಮರ್ತು ಹೋಗಿರೋದು.

ಗೌರಿನ ಆರು ವಾರ ಪೂರ್ತಿ ಭಾಯ್ ಕೈಗೆ ಬಿಟ್ವಿ. ಮಳೇಲಿ ಅಂಗಳ ಸತ್ತಿತ್ತು, ಅಡಿಕೆ ಒಣಗಿಸೋ ಪಾಲಿಹೌಸಲ್ಲಿ ಬರೀ ನಡಿಸೋದು, ನಿಲ್ಸೋದು, ಮತ್ತೆ ನಡಿಸೋದು. ಲಗಾಮು ಮುಟ್ಟಿದ್ರೆ ಓಡೋದಲ್ಲ ಅಂತ ತಿಳಿಸೋದೇ ಕೆಲಸ. ಮೇಡಂ ಏನೇನು ಮಾಡ್ಬೇಕು ಅಂತ ವಾಯ್ಸ್ ಮೆಸೇಜ್ ಕಳ್ಸೋರು, ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲಿನ ನೀರಿನ ಟ್ಯಾಂಕ್ ಹತ್ರ, ಭಾಯ್ ಅಲ್ಲಿಗೆ ಹತ್ತಿ ಕೇಳಿಸ್ಕೊಂಡು ಇಳಿಯೋನು. ಆಗಸ್ಟಲ್ಲಿ ಮೇಡಂ ಬಂದಾಗ ಒಂದು ಘಟನೆ ಆಯ್ತು. ಮೆಟ್ರೊನೋಮ್ ಹಾಕೋಕೆ ಫೋನ್ ಚಾರ್ಜ್ ಇಲ್ಲ, ಕರೆಂಟೂ ಇಲ್ಲ. ಭಾಯ್ ಕುದುರೆ ಮೇಲೆ ಕೂತೇ ತಾಳ ಹೇಳ್ತೀನಿ ಅಂದ. ಟ್ರ್ಯಾಕಲ್ಲಿ ಟ್ರೇನರ್ 600 ಮೀಟರ್ 45 ಸೆಕೆಂಡಲ್ಲಿ ಬರ್ಬೇಕು ಅಂದ್ರೆ 45ಕ್ಕೇ ಬರ್ಬೇಕು, 43 ಆದ್ರೆ ಬೈಗುಳ, ವಾಚ್ ಇರಲ್ಲ, ಹದಿನೈದು ವರ್ಷ ತಲೇಲೇ ಗಡಿಯಾರ ಇಟ್ಕೊಂಡು ಓಡ್ಸಿದೋನು. ನಿಂತು ನಡೆದು ಒಂದೇ ತಾಳದಲ್ಲಿ ಗೌರಿನ ಇಪ್ಪತ್ತು ನಿಮಿಷ ಇಟ್ಟ. ಮೇಡಂ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ್ರು, "ಸರ್, ನಾನು ಎರಡು ವರ್ಷ ಕಲ್ತಿದ್ದು ಇವ್ರ ಹತ್ರ ಮೊದ್ಲಿಂದ್ಲೇ ಇದೆ." ಅವತ್ತಿಂದ ಅವ್ರು ಭಾಯ್‌ನ ಹೋಗಿ ಬನ್ನಿ ಅಂತ ಮಾತಾಡಿಸೋಕೆ ಶುರು ಮಾಡಿದ್ದು, ಅಲ್ಲಿವರೆಗೆ ಹೋಗು ಬಾ ಇತ್ತು. ನಾನು ಗಮನಿಸಿದ್ದೆ.

ಆ ಸಲವೇ ಮೇಡಂನ ಸಕ್ರೆಬೈಲಿಗೆ ಕರ್ಕೊಂಡು ಹೋಗಿದ್ದೆ, ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸೋ ಹೊತ್ತು. ಎಲ್ರೂ ಮರಿಯಾನೆ ಫೋಟೊ ತೆಗೀತಿದ್ರೆ ಇವ್ರು ಮಾವುತರ ಕಾಲ್ಬೆರಳು ನೋಡ್ತಾ ನಿಂತುಬಿಟ್ರು. ಕಿವಿ ಹಿಂದೆ ಹೆಬ್ಬೆರಳು ಸ್ವಲ್ಪ ಒತ್ತಿದ್ರೆ ಅಷ್ಟು ದೊಡ್ಡ ಪ್ರಾಣಿ ತಿರುಗುತ್ತೆ, ಸೊಂಟದಿಂದ ಮೇಲೆ ಮನುಷ್ಯ ಅಲುಗಾಡೇ ಇಲ್ಲ. ಅವ್ರಿಗೆ ಯಾವ ಸ್ಕೇಲೂ ಇಲ್ಲ, ಅಪ್ಪ ಕಲಿಸಿದ್ದು, ಅಪ್ಪನಿಗೆ ಅವ್ರಪ್ಪ. ವಾಪಸ್ ಬರೋವಾಗ ದಾರಿ ಪೂರ್ತಿ ಮೇಡಂ ಮಾತಿಲ್ಲ.

ಪುಟ್ಟಿ ಸೆಪ್ಟೆಂಬರಲ್ಲಿ ಮತ್ತೆ ಹತ್ತಿದ್ದು ಬಸವನ ಮೇಲೆ, ದಫೇದಾರ್ರ ಕೈಲಿ. ಇಲ್ಲಿ ಇನ್ನೊಂದು ಜಗಳ ಬಾಕಿ ಇತ್ತು. ಅದೇ ಹಾಳೆ ತುಂಡು. ಮೊಣಕಾಲಿಂದ ಜೀನು ಅಮುಕಿ ಹಿಡಿ ಅಂತ ದಫೇದಾರ್ರು, ಅಮುಕಿದ್ರೆ ಸೀಟು ಮೇಲಕ್ಕೆ ಹಾರುತ್ತೆ, ತೊಡೆ ಸಡಿಲ ಬಿಟ್ಟು ಭಾರ ಕೆಳಗೆ ಇಳಿಸ್ಬೇಕು ಅಂತ ಮೇಡಂ. ಇದು ಮಾತಿನ ವ್ಯತ್ಯಾಸ ಅಲ್ಲ, ಇಬ್ರೂ ಸರಿ ಆಗೋಕೆ ಸಾಧ್ಯನೇ ಇಲ್ಲ. ಗುಂಪಲ್ಲಿ ಕುದುರೆ ಥಟ್ಟಂತ ಪಕ್ಕಕ್ಕೆ ಹಾರಿದ್ರೆ ಬೀಳ್ದೆ ಇರೋಕೆ ಅಮುಕೋದು ಬೇಕಾಗಬಹುದು, ಟ್ರಾಟಲ್ಲಿ ಅಲುಗದೆ ಕೂರೋಕೆ ಅದೇ ಶತ್ರು. ವಾದ ಮಾಡಿ ಪ್ರಯೋಜನ ಇಲ್ಲ ಅಂತ ನಾನು ಪುಟ್ಟಿದು ವಿಡಿಯೊ ಮಾಡ್ದೆ, ಹಾಳೆ ಇಟ್ಟು ಒಂದು, ತೆಗ್ದು ಒಂದು, ಸ್ಲೋ ಮೋಷನ್. ರಾತ್ರಿ ಜಗಲೀಲಿ ಕೂತು ದಫೇದಾರ್ರು ನೋಡಿದ್ರು. ಹಾಳೆ ಇದ್ದಾಗ ಹುಡುಗಿ ಪ್ರತಿ ಪೆಟ್ಟಿಗೂ ಜೀನಿಂದ ನಾಲ್ಕು ಬೆರಳು ಮೇಲೆ ಏಳ್ತಾಳೆ, ತಲೆ ಬೊಂಬೆ ಥರ ಅಲ್ಲಾಡುತ್ತೆ. ಇಲ್ದಿದ್ದಾಗ ಅಂಟ್ಕೊಂಡು ಕೂತಿದಾಳೆ. ಮತ್ತೆ ಹಾಕಿ ಅಂದ್ರು. ಮತ್ತೆ. ಮೂರನೇ ಸಲ ಕನ್ನಡಕ ತೆಗ್ದು ಒರೆಸ್ಕೊಂಡು, ಮಳೆ ಇವತ್ತು ಬರಂಗಿಲ್ಲ ಅಂತ ಹೇಳಿ ಎದ್ದು ಹೋದ್ರು. ಮಾರನೇ ದಿನದಿಂದ ಹಾಳೆ ಇಲ್ಲ. ಆ ವಿಷಯ ಅವ್ರೂ ಎತ್ತಿಲ್ಲ ನಾವೂ ಎತ್ತಿಲ್ಲ. ಮೂವತ್ತು ವರ್ಷ ಹೇಳ್ಕೊಂಡು ಬಂದಿದ್ದನ್ನ ಒಂದು ರಾತ್ರೀಲಿ ಬಿಡೋ ಮೇಷ್ಟ್ರು ನಿಮಗೆ ಎಷ್ಟು ಜನ ಗೊತ್ತು? ನನ್ನ ಮಟ್ಟಿಗೆ ಅವ್ರನ್ನೇ ಇಟ್ಕೊಳ್ಳೋದು ಅಂತ ತೀರ್ಮಾನ ಆಗಿದ್ದು ಆ ಬೆಳಿಗ್ಗೆ.

ಡಿಸೆಂಬರಿನ ಪರೀಕ್ಷೆ

ಅಡಿಕೆ ಕೊಯ್ಲಿನ ಗಡಿಬಿಡಿ ಮಧ್ಯ ಒಂದು ಭಾನುವಾರ ಅಣಕು ಟೆಸ್ಟ್ ಇಟ್ವಿ. 20 ಇಂಟು 40 ಅಳತೆ ಮಾಡಿ ಸುಣ್ಣ ಹಾಕಿ, ಅಕ್ಷರಗಳನ್ನ ಅಡಿಕೆ ಹಾಳೆ ಮೇಲೆ ಪೇಂಟಲ್ಲಿ ಬರ್ದು ಗೂಟಕ್ಕೆ ಕಟ್ಟಿದ್ವಿ. ಗಾಳಿಗೆ ಹಾಳೆ ಪಟಪಟ ಅಂದಿದ್ದೇ ಗೌರಿ ಒಳಗೆ ಬರಲ್ಲ ಅಂತ ಹಠ. ಎಲ್ಲ ಕಿತ್ತು ಪೇಂಟ್ ಡಬ್ಬದ ಮೇಲೆ ಬರ್ದಿದ್ದಾಯ್ತು. ಮೇಡಂ ಸಿ ಎದುರು ಕುರ್ಚಿ ಹಾಕ್ಕೊಂಡು ಜಡ್ಜು, ಬರ್ಕೊಳ್ಳೋಕೆ ನಾನು, ದಫೇದಾರ್ರು ಕಟ್ಟೆ ಮೇಲೆ ಬಾಯಿ ತುಂಬ್ಕೊಂಡು, ಅಕ್ಕ ಅಡಿಗೆಮನೆ ಕಿಟಕೀಲಿ. ಆಚೆ ಬರಲ್ಲ ಅಂದಿದ್ಲು.

ಪುಟ್ಟಿ ಒಟ್ಟು 58 ಪರ್ಸೆಂಟ್ ತಗೊಂಡ್ಲು. ನಿಲ್ಲೋದಕ್ಕೆ ಏಳು, ಅದು ಭಾಯ್‌ದು, ಆರು ವಾರ ಪಾಲಿಹೌಸಲ್ಲಿ ನಿಲ್ಲಿಸಿ ನಿಲ್ಲಿಸಿ ಬಂದಿದ್ದು. ಕೂತಿದ್ದಕ್ಕೆ ಆರೂವರೆ, ಅದು ದಫೇದಾರ್ರದ್ದು ಅಂತ ಮೇಡಂ ಅವ್ರ ಎದುರಿಗೇ ಹೇಳಿದ್ರು. ಎಡಗಡೆ ಸರ್ಕಲ್ ಎ ತುದೀಲಿ ಆರು. ಅದೇ ಸರ್ಕಲ್ ಸಿ ತುದೀಲಿ ಐದು, ಪಕ್ಕದಲ್ಲಿ ಷರಾ: ಕೊನೇ ಕಾಲು ಭಾಗದಲ್ಲಿ ಬಲಭುಜ ಜಾರಿತು. ಬಲಗಡೆ ಎರಡೂ ತುದೀಲಿ ಆರೂವರೆ.

ಈಗಿನ ವ್ಯವಸ್ಥೆ ಹೇಳ್ಬಿಡ್ತೀನಿ. ದಫೇದಾರ್ರು ಇಲ್ಲೇ ಇರ್ತಾರೆ, ಹೊಸಬರೆಲ್ಲ ಮೊದಲು ಅವ್ರ ಕೈಗೆ, ಬಸವನ ಮೇಲೆ. ಮೇಡಂಗೆ ಬೆಂಗಳೂರಲ್ಲಿ ದೊಡ್ಡ ಕೆಲಸ ಸಿಕ್ತು, ಎರಡು ತಿಂಗಳಿಗೊಮ್ಮೆ ಬರ್ತಾರೆ, ಬಂದಾಗ ಮೊದಲು ಭಾಯ್ ಹತ್ರ ಹೋಗಿ ಕುದುರೆಗಳ ವರದಿ ಕೇಳ್ತಾರೆ. ಭಾಯ್ ಸಂಬಳ ದಫೇದಾರ್ರ ಸಮಕ್ಕೆ ತಂದಿದೀನಿ, ಮೇಷ್ಟ್ರೆ ಅಂತ ಕರೆದ್ರೆ ಮಾತ್ರ ಓಡಿ ಹೋಗ್ತಾನೆ. ಫೋನ್ ಮಾಡೋ ತಂದೆ ತಾಯಿಗಳು ಸರ್ಟಿಫಿಕೇಟ್ ಇದ್ಯಾ ಅಂತಾರೆ, ಇದೆ ಅಂತೀನಿ, ಮೇಡಂದು ಇದೆಯಲ್ಲ. ಆದ್ರೆ ಅಲ್ಲಿಗೆ ನಿಲ್ಲಿಸ್ಬೇಡಿ, ಅವ್ರು ಇದಕ್ಕೆ ಮುಂಚೆ ಕುದುರೆ ಜೊತೆ ಎಂತ ಕೆಲಸ ಮಾಡ್ತಿದ್ರು, ಆ ಕೆಲಸದಲ್ಲಿ ತಪ್ಪಾದ್ರೆ ಯಾರಿಗೆ ಏಟು ಬೀಳ್ತಿತ್ತು ಅಂತ ಕೇಳಿ. ಕೂಗೋದು ಯಾಕೆ, ಸುಮ್ನಿರೋದು ಯಾಕೆ ಅಂತ ಅಲ್ಲೇ ಗೊತ್ತಾಗುತ್ತೆ.

ಸಿ ತುದಿ ಮಾತ್ರ ಬಗೆಹರಿದಿರ್ಲಿಲ್ಲ. ಎ ತುದೀಲಿ ಆರು, ಸಿ ತುದೀಲಿ ಐದು, ಅದೇ ಕುದುರೆ, ಅದೇ ಹುಡುಗಿ, ಅದೇ ಎಡ. ಮೇಡಂ ನೆಲದ ಇಳಿಜಾರು ಇರ್ಬೇಕು ಅಂದ್ರು, ದಫೇದಾರ್ರು ಆ ಮೂಲೇಲಿ ಹುಡುಗಿ ಗಮನ ತಪ್ಪತ್ತೆ ಅಂದ್ರು, ನಾನು ನೀರಿನ ಮಟ್ಟದ ಪೈಪ್ ಹಿಡಿದು ಇಳಿಜಾರು ಅಳೆದೂ ನೋಡ್ದೆ, ಸಮ ಇತ್ತು. 2025ರ ಜೂನಲ್ಲಿ ಪುಟ್ಟಿ ಹತ್ತನೇ ಕ್ಲಾಸಿಗೆ ಬಂದ್ಲು, ಭಾನುವಾರ ಮಾತ್ರ ಸವಾರಿ, ಅಕ್ಕನ ಆರ್ಡರ್. ಒಂದು ಭಾನುವಾರ ಮಳೆ ಅಂತ ಭಾಯ್ ಹುರುಳಿ ಒಲೆಯನ್ನ ಲಾಯದ ಹಿಂದಕ್ಕೆ, ಎ ಕಡೆ ಛಾವಣಿ ಕೆಳಗೆ ಹೂಡಿದ್ದ. ಅವತ್ತು ಗೌರಿ ಸಿ ತುದೀಲಿ ಅಚ್ಚುಕಟ್ಟಾಗಿ ಎಡಗಡೆ ಸರ್ಕಲ್ ಹಾಕಿದ್ಲು. ಎ ತುದಿಗೆ ಬಂದಿದ್ದೇ ಬಲಭುಜ ಜಾರಿಸ್ಕೊಂಡು ಒಲೆ ಕಡೆ ಹೊರಟ್ಲು. ದಫೇದಾರ್ರ ಬಾಯಲ್ಲಿ ಎಲೆಅಡಿಕೆ ಇತ್ತು, ಹಂಗಾಗಿ ಏನೂ ಹೇಳೋಕಾಗ್ಲಿಲ್ಲ, ಬೆರಳು ಮಾತ್ರ ಒಲೆ ಕಡೆ ತೋರಿಸ್ತಾ ಕೂತಿದ್ರು.